ಬೈಜಿಕ ವಿಜ್ಞಾನದ ಓನಾಮ: ಅಂತರಜಾಲದ ಉಪನ್ಯಾಸಗಳಿಂದ ಕಲಿಯುವ ಬಗೆ

ವಿಜ್ಞಾನವು ವಿಜ್ಞಾನ ವಿಭಾಗದವರ ಸೊತ್ತು, ಕಲಾ ವಿಭಾಗದವರಿಗೆ ಅದರ ಗೊಡವೆಯೇಕೆ ಎಂಬ ಮಾತು ನಮ್ಮಲ್ಲಿ ರೂಢಿಯಾಗಿ ಹೋಗಿದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದುವವನಿಗೆ ಪರಮಾಣುವಿನ ಒಳಗುಟ್ಟು ಏತಕ್ಕೆ ಬೇಕು ಎಂದು ಕೇಳುವವರೂ ಉಂಟು. ಆದರೆ ಈ ಮೂರು ವಿಷಯಗಳೇ ನಮ್ಮನ್ನು ಬೈಜಿಕ ವಿಜ್ಞಾನದ ಬಾಗಿಲಿಗೆ ಕರೆದೊಯ್ದು ನಿಲ್ಲಿಸುತ್ತವೆ ಎಂಬುದನ್ನು ಸ್ವಲ್ಪ ವಿಚಾರ ಮಾಡಿದರೆ ತಿಳಿಯುತ್ತದೆ.

ಇತಿಹಾಸವನ್ನೇ ಮೊದಲು ತೆಗೆದುಕೊಳ್ಳೋಣ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1960ರ ದಶಕದಲ್ಲಿ ಡಾ. ಎಂ. ಎಸ್. ನಾಗರಾಜರಾಯರು ಉತ್ಖನನ ನಡೆಸಿದರು. ಅಲ್ಲಿ ದೊರೆತ ಇದ್ದಿಲಿನ ಕಾಲವನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯದಲ್ಲಿ ಕಾರ್ಬನ್-14ರ ಕ್ರಮದಿಂದ ಎಣಿಸಿದಾಗ, ಕ್ರಿಸ್ತಪೂರ್ವ 1000ದ ಸುಮಾರಿಗೇ ನಮ್ಮ ನಾಡಿನಲ್ಲಿ ಕಬ್ಬಿಣದ ಬಳಕೆ ಇತ್ತೆಂಬ ತೀರ್ಮಾನಕ್ಕೆ ಆಧಾರ ಸಿಕ್ಕಿತು. ಅರ್ಥಶಾಸ್ತ್ರಕ್ಕೆ ಬಂದರೆ, ನಮ್ಮ ಜಿಲ್ಲೆಯ ಕೂಡಗಿಯಲ್ಲಿ ಕಲ್ಲಿದ್ದಲಿನಿಂದ 2400 ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸಬಲ್ಲ ಸ್ಥಾವರವಿದೆ. ಉತ್ತರ ಕನ್ನಡದ ಕೈಗಾದಲ್ಲಿ ಯುರೇನಿಯಮ್ಮಿನಿಂದ 880 ಮೆಗಾವಾಟ್ ಉತ್ಪಾದಿಸಬಲ್ಲ ನಾಲ್ಕು ಘಟಕಗಳಿವೆ. ಇವೆರಡರ ಲಾಭ ನಷ್ಟಗಳನ್ನು ತೂಗಿ ನೋಡಬೇಕಾದವನಿಗೆ ಎರಡರ ಒಲೆಯೂ ಹೇಗೆ ಉರಿಯುತ್ತದೆಂಬುದು ಗೊತ್ತಿರಬೇಡವೆ? ಇನ್ನು ರಾಜ್ಯಶಾಸ್ತ್ರ. ಕೈಗಾದ ಐದು ಮತ್ತು ಆರನೆಯ ಘಟಕಗಳ ವಿಷಯವಾಗಿ 2018ರ ಡಿಸೆಂಬರಿನಲ್ಲಿ ಸಾರ್ವಜನಿಕರ ಅಹವಾಲು ಸಭೆ ನಡೆಯಿತು. ನಮಗೆ ಸಮೀಪದ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿದೆಯೆಂದು ಪರಮಾಣು ಖನಿಜ ನಿರ್ದೇಶನಾಲಯವು ಗುರುತಿಸಿದೆ. ಇಂತಹ ಸಭೆ ನಾಳೆ ನಮ್ಮ ಹತ್ತಿರದಲ್ಲಿಯೇ ನಡೆದರೆ ಅಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವವರು ನಾವೇ. ವಿಷಯ ತಿಳಿಯದೆ ಹೆದರುವುದೂ ತಪ್ಪು. ವಿಷಯ ತಿಳಿಯದೆ ತಲೆದೂಗುವುದೂ ತಪ್ಪು.

ಕಲಿಸುವವರು ಯಾರು?

ಪ್ರಶ್ನೆ ಇರುವುದು ಇಲ್ಲಿಯೇ. ತಿಕೋಟಾ, ಬಬಲೇಶ್ವರಗಳ ಸುತ್ತಿನ ಹಳ್ಳಿಗಳಿಂದ ನಿತ್ಯ ಬಸ್ಸಿನಲ್ಲಿ ವಿಜಯಪುರಕ್ಕೆ ಬರುವ ನಮ್ಮಲ್ಲಿ ಎಷ್ಟೋ ಜನ ಹತ್ತನೆಯ ತರಗತಿಯೊಂದಿಗೆ ಭೌತಶಾಸ್ತ್ರಕ್ಕೆ ಶರಣು ಹೊಡೆದವರು. ಊರಿನಲ್ಲಿ ವಿಜ್ಞಾನ ಶಾಖೆ ಇಲ್ಲದ್ದು, ಇಂಗ್ಲಿಷಿನ ಭಯ, ಖರ್ಚಿನ ಚಿಂತೆ, ಹೀಗೆ ಕಾರಣಗಳು ಹಲವು. ಬುದ್ಧಿ ಸಾಲದೆ ಬಿಟ್ಟವರು ಕಡಿಮೆ. ಅಂದು ಮುಚ್ಚಿದ ಬಾಗಿಲನ್ನು ಇಂದು ಕೈಯಲ್ಲಿಯ ಮೊಬೈಲು ಒಂದಿಷ್ಟು ತೆರೆದಿದೆ.

ನಮ್ಮ ದೇಶದ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಪ್ರಾರಂಭಿಸಿದ ಎನ್‌ಪಿಟಿಇಎಲ್ ಎಂಬ ಯೋಜನೆಯಲ್ಲಿ ಸಾವಿರಾರು ಉಪನ್ಯಾಸಗಳು ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಕೇಂದ್ರ ಸರಕಾರದ ‘ಸ್ವಯಂ’ ವೇದಿಕೆ 2017ರಲ್ಲಿ ಬಂದಿತು. ಕಾನಪುರದ ಐಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಎಚ್. ಸಿ. ವರ್ಮಾ ಅವರ ಬೈಜಿಕ ಭೌತಶಾಸ್ತ್ರದ ಮೂಲತತ್ತ್ವಗಳು ಮತ್ತು ಉಪಯೋಗಗಳನ್ನು ಕುರಿತ ಉಪನ್ಯಾಸಮಾಲೆ ಎನ್‌ಪಿಟಿಇಎಲ್‌ನಲ್ಲಿದೆ. ಅಮೆರಿಕೆಯ ಎಂಐಟಿ ಸಂಸ್ಥೆಯು ತನ್ನ ತರಗತಿಗಳನ್ನು ಜಗತ್ತಿಗೆ ತೆರೆದಿಟ್ಟಿದ್ದು, ಅಲ್ಲಿ ಮೈಕೇಲ್ ಶಾರ್ಟ್ ಅವರು 2016ರಲ್ಲಿ ಮಾಡಿದ ವಿಕಿರಣ ವಿಜ್ಞಾನದ ಪ್ರವೇಶಪಾಠಗಳನ್ನೂ ನೋಡಬಹುದು. ಕೇಳಲು ಹಣ ಕೊಡಬೇಕಾಗಿಲ್ಲ. ಎನ್‌ಪಿಟಿಇಎಲ್‌ನಲ್ಲಿ ಪ್ರಮಾಣಪತ್ರಕ್ಕಾಗಿ ಪರೀಕ್ಷೆಗೆ ಕೂಡುವವರು ಮಾತ್ರ ಶುಲ್ಕ ಕೊಡಬೇಕು.

ಆದರೆ ಈ ಉಪನ್ಯಾಸಗಳು ವಿಜ್ಞಾನದ ವಿದ್ಯಾರ್ಥಿಗಳಿಗಾಗಿ ಮಾಡಿದವು. ಕಲಾ ವಿದ್ಯಾರ್ಥಿಯು ನೇರವಾಗಿ ಅವುಗಳೊಳಗೆ ಧುಮುಕಿದರೆ ಎರಡನೆಯ ಪಾಠಕ್ಕೇ ಉಸಿರುಗಟ್ಟೀತು. ಮೊದಲು ನಾಲ್ಕು ವಿಚಾರಗಳನ್ನು ನಮ್ಮ ಭಾಷೆಯಲ್ಲಿ, ನಮ್ಮ ಊರಿನ ಉದಾಹರಣೆಗಳಿಂದ ತಿಳಿದುಕೊಂಡು ಹೋದರೆ ದಾರಿ ಸುಗಮವಾಗುತ್ತದೆ. ಆ ನಾಲ್ಕನ್ನು ಇಲ್ಲಿ ಹೇಳುತ್ತೇನೆ.

ಒಂದು: ಗುಮ್ಮಟದಲ್ಲಿ ಎಳ್ಳಿನ ಕಾಳು

ಎಲ್ಲ ವಸ್ತುಗಳೂ ಪರಮಾಣುಗಳಿಂದಾದವು. ಪರಮಾಣುವಿನ ನಡುವೆ ಬೀಜವಿದೆ, ಸುತ್ತಲೂ ಎಲೆಕ್ಟ್ರಾನುಗಳಿವೆ. ಬೀಜದಲ್ಲಿ ಧನ ವಿದ್ಯುದಂಶವುಳ್ಳ ಪ್ರೋಟಾನುಗಳೂ ವಿದ್ಯುದಂಶವಿಲ್ಲದ ನ್ಯೂಟ್ರಾನುಗಳೂ ಇರುತ್ತವೆ. ಇದು ನಾವು ಹತ್ತನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ ಸಂಗತಿ. ಬಾಯಿಪಾಠದಲ್ಲಿ ಸಿಕ್ಕದೆ ಹೋದದ್ದು ಅಳತೆ.

ನಮ್ಮ ಗೋಳಗುಮ್ಮಟದ ಗುಮ್ಮಟಕ್ಕೆ ಹೊರಗಿನ ವ್ಯಾಸ ಸುಮಾರು 44 ಮೀಟರು. ಬಂಗಾರದ ಒಂದು ಪರಮಾಣುವನ್ನು ಅಷ್ಟು ದೊಡ್ಡದಾಗಿ ಹಿಗ್ಗಿಸಿದೆವೆಂದು ಭಾವಿಸೋಣ. ಆಗ ಅದರ ಬೀಜದ ವ್ಯಾಸ ಸುಮಾರು ಎರಡು ಮಿಲಿಮೀಟರು, ಎಂದರೆ ಒಂದು ಎಳ್ಳಿನ ಕಾಳಿನಷ್ಟು! ಆದರೆ ಪರಮಾಣುವಿನ ತೂಕದಲ್ಲಿ ಶೇಕಡಾ 99.9ಕ್ಕಿಂತ ಹೆಚ್ಚು ಭಾಗ ಇರುವುದು ಆ ಕಾಳಿನಲ್ಲಿಯೇ. ಉಳಿದ ಗುಮ್ಮಟವೆಲ್ಲ ಹೆಚ್ಚುಕಡಿಮೆ ಬರಿದು.

ಇದನ್ನು ಕಂಡುಹಿಡಿದ ಬಗೆಯೂ ಸೊಗಸಾದುದು. 1909ರಲ್ಲಿ ರುದರ್‌ಫರ್ಡರ ಪ್ರಯೋಗಾಲಯದಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ಎಂಬವರು ಬಂಗಾರದ ತೆಳುವಾದ ತಗಡಿನ ಮೇಲೆ ಆಲ್ಫಾ ಕಣಗಳನ್ನು ಬಿಟ್ಟರು. ಬಹುಪಾಲು ಕಣಗಳು ನೇರವಾಗಿ ದಾಟಿ ಹೋದವು. ಸಾವಿರಾರು ಕಣಗಳಲ್ಲಿ ಒಂದು ಮಾತ್ರ ಹಿಂದಕ್ಕೆ ಪುಟಿದು ಬಂದಿತು. ಆ ಒಂದೇ ಕಣದ ವರ್ತನೆಯಿಂದ ರುದರ್‌ಫರ್ಡರು 1911ರಲ್ಲಿ ಬೀಜದ ಇರವನ್ನು ಊಹಿಸಿದರು. ನ್ಯೂಟ್ರಾನು ಸಿಕ್ಕಿದ್ದು ಇನ್ನೂ ತಡವಾಗಿ, 1932ರಲ್ಲಿ ಚಾಡ್ವಿಕ್ಕರಿಂದ. ಕಾಣದ ವಸ್ತುವನ್ನು ಅದರ ಕುರುಹಿನಿಂದ ಅರಿಯುವ ಈ ಕ್ರಮ, ಶಾಸನದ ಒಡೆದ ಸಾಲಿನಿಂದ ರಾಜನ ಕಾಲವನ್ನು ಊಹಿಸುವ ಇತಿಹಾಸಕಾರನ ಕ್ರಮಕ್ಕೆ ಹೊರತಲ್ಲ.

ಎರಡು: ಬೀಜದೊಳಗಿನ ಹಿಡಿತ

ಸಮಾನ ವಿದ್ಯುದಂಶಗಳು ಒಂದನ್ನೊಂದು ತಳ್ಳುತ್ತವೆ. ಹಾಗಾದರೆ ಅಷ್ಟೊಂದು ಪ್ರೋಟಾನುಗಳು ಎಳ್ಳಿನ ಕಾಳಿನಲ್ಲಿ ಹೇಗೆ ಕೂಡಿಕೊಂಡಿವೆ? ಅಲ್ಲಿ ಬೇರೊಂದು ಬಲವಿದೆ. ಅದೇ ಬೈಜಿಕ ಬಲ. ಅದು ಬಹು ಪ್ರಬಲವಾದರೂ ಅದರ ಕೈ ಬಹಳ ಮೋಟು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ಒಬ್ಬನು ತನ್ನ ಪಕ್ಕದವನ ಕೈಯನ್ನಷ್ಟೇ ಹಿಡಿಯಬಲ್ಲನು; ಆದರೆ ನೂಕುನುಗ್ಗಲು ಮಾತ್ರ ಗುಂಪಿನ ಈ ತುದಿಯಿಂದ ಆ ತುದಿಯವರೆಗೂ ತಾಕುತ್ತದೆ. ಬೀಜದಲ್ಲಿಯೂ ಹಾಗೆಯೇ. ಹಿಡಿತ ಪಕ್ಕದವರಿಗೆ ಮಾತ್ರ. ತಳ್ಳಾಟ ಎಲ್ಲ ಪ್ರೋಟಾನುಗಳಿಗೂ. ಆದುದರಿಂದ ಬೀಜವು ದೊಡ್ಡದಾದಂತೆ ತಳ್ಳಾಟವೇ ಮೇಲುಗೈಯಾಗುತ್ತದೆ. ತಳ್ಳದೆ ಹಿಡಿತಕ್ಕಷ್ಟೇ ನೆರವಾಗುವ ನ್ಯೂಟ್ರಾನುಗಳು ಹೆಚ್ಚು ಬೇಕಾಗುತ್ತವೆ. ಸೀಸಕ್ಕಿಂತ ದೊಡ್ಡ ಬೀಜಗಳಲ್ಲಿ ಅದೂ ಸಾಲದೆ ಹೋಗುತ್ತದೆ.

ಈ ಹಿಡಿತಕ್ಕೆ ಲೆಕ್ಕವುಂಟು. ಹೀಲಿಯಂ ಪರಮಾಣುವಿನಲ್ಲಿ ಇರುವ ಎರಡು ಪ್ರೋಟಾನು, ಎರಡು ನ್ಯೂಟ್ರಾನು, ಎರಡು ಎಲೆಕ್ಟ್ರಾನುಗಳನ್ನು ಬಿಡಿಬಿಡಿಯಾಗಿ ತೂಗಿ ಕೂಡಿಸಿದರೆ ಪರಮಾಣು ಮಾನದಲ್ಲಿ 4.0330 ಆಗುತ್ತದೆ. ಆದರೆ ಅವು ಕೂಡಿ ಆದ ಹೀಲಿಯಮ್ಮನ್ನು ತೂಗಿದರೆ 4.0026 ಮಾತ್ರ. ಉಳಿದ 0.0304 ಎಲ್ಲಿ ಹೋಯಿತು? ಅವು ಕೂಡಿಕೊಳ್ಳುವಾಗ ಅಷ್ಟು ದ್ರವ್ಯರಾಶಿ ಶಕ್ತಿಯಾಗಿ ಹೊರಬಿದ್ದಿತು. ದ್ರವ್ಯರಾಶಿಯನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದರೆ ಶಕ್ತಿ ಬರುತ್ತದೆಂಬ ಐನ್‌ಸ್ಟೈನರ ಸೂತ್ರ ಇಲ್ಲಿ ಕೆಲಸ ಮಾಡುತ್ತದೆ. ಒಂದು ಪರಮಾಣು ಮಾನಕ್ಕೆ 931.5 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಎಂದು ಹಿಡಿದರೆ ಸುಮಾರು 28.3 ಬರುತ್ತದೆ. ಇದಕ್ಕೆ ಬಂಧನಶಕ್ತಿ ಎಂದು ಹೆಸರು. ಒಂದೊಂದು ಕಣಕ್ಕೆ ಹಂಚಿದರೆ ಹೀಲಿಯಮ್ಮಿನಲ್ಲಿ ಸುಮಾರು 7.1, ಕಬ್ಬಿಣದಲ್ಲಿ 8.8, ಯುರೇನಿಯಮ್ಮಿನಲ್ಲಿ 7.6. ಈ ಮೂರು ಅಂಕಿಗಳನ್ನು ನೆನಪಿಟ್ಟುಕೊಂಡರೆ ಸಾಕು. ಹಗುರವಾದ ಬೀಜಗಳು ಕೂಡಿಕೊಂಡರೂ ಶಕ್ತಿ ಬರುತ್ತದೆ, ಭಾರವಾದವು ಒಡೆದರೂ ಶಕ್ತಿ ಬರುತ್ತದೆ. ಏಕೆಂದರೆ ಎರಡೂ ಕಬ್ಬಿಣದ ಕಡೆಗೆ ಸಾಗುವ ದಾರಿಗಳು. ಮೊದಲನೆಯದು ಸಮ್ಮಿಲನ, ಅದು ಸೂರ್ಯನ ಒಲೆ. ಎರಡನೆಯದು ವಿದಳನ, ಅದು ಕೈಗಾದ ಒಲೆ.

ಮೂರು: ಹುಣಸೆ ಬೀಜದ ಆಟ

ಕೆಲವು ಬೀಜಗಳು ತಾವಾಗಿಯೇ ಕಣಗಳನ್ನೋ ಕಿರಣಗಳನ್ನೋ ಹೊರಸೂಸಿ ಬದಲಾಗುತ್ತವೆ. 1896ರಲ್ಲಿ ಬೆಕೆರೆಲ್ಲರು ಯುರೇನಿಯಮ್ಮಿನಲ್ಲಿ ಕಂಡ ಈ ಗುಣಕ್ಕೆ ವಿಕಿರಣಶೀಲತೆ ಎಂದು ಹೆಸರು. ಹೊರಬರುವುದು ಹೀಲಿಯಂ ಬೀಜವಾದರೆ ಆಲ್ಫಾ, ಎಲೆಕ್ಟ್ರಾನಾದರೆ ಬೀಟಾ, ಬೆಳಕಿನ ಜಾತಿಯ ಪ್ರಬಲ ಕಿರಣವಾದರೆ ಗಾಮಾ. ಆಲ್ಫಾವನ್ನು ಒಂದು ಹಾಳೆ ತಡೆಯುತ್ತದೆ, ಬೀಟಾವನ್ನು ಕೆಲವು ಮಿಲಿಮೀಟರಿನ ಅಲ್ಯುಮಿನಿಯಂ ತಗಡು ತಡೆಯುತ್ತದೆ. ಗಾಮಾಕ್ಕೆ ದಪ್ಪನಾದ ಸೀಸ ಅಥವಾ ಕಾಂಕ್ರೀಟು ಬೇಕು.

ಯಾವ ಬೀಜ ಯಾವಾಗ ಒಡೆಯುವುದೆಂದು ಯಾರೂ ಹೇಳಲಾರರು. ಆದರೆ ಬಹಳ ಬೀಜಗಳಿದ್ದಾಗ ಇಷ್ಟು ಕಾಲದಲ್ಲಿ ಅರ್ಧ ಒಡೆಯುತ್ತವೆಂದು ನಿಶ್ಚಯವಾಗಿ ಹೇಳಬಹುದು. ಆ ಕಾಲವೇ ಅರ್ಧಾಯು. ಇದನ್ನು ತಿಳಿಯಲು ಯಂತ್ರ ಬೇಡ; ಚೌಕಾಬಾರಕ್ಕೆ ಬಳಸುವ ಸೀಳಿದ ಹುಣಸೆ ಬೀಜಗಳು ಸಾಕು. ನೂರು ಸೀಳುಗಳನ್ನು ಚೆಲ್ಲಿ, ಬಿಳಿಯ ಮೈ ಮೇಲಾದವನ್ನು ತೆಗೆದುಹಾಕಿ ಉಳಿದವನ್ನು ಎಣಿಸಿರಿ. ಮತ್ತೆ ಚೆಲ್ಲಿರಿ. ನೂರು ಸುಮಾರು ಐವತ್ತಾಗಿ, ಐವತ್ತು ಇಪ್ಪತ್ತೈದಾಗಿ, ಅದು ಹನ್ನೆರಡು ಹದಿಮೂರಾಗಿ ಇಳಿಯುತ್ತದೆ. ಸೀಳುಗಳು ಸಮನಾಗಿರದೆ ಬಿಳಿ ಕಡಿಮೆ ಬಿದ್ದರೆ ಇಳಿತ ನಿಧಾನವಾಗುತ್ತದೆ. ಎಂದರೆ ಅರ್ಧಾಯು ದೊಡ್ಡದಾಗುತ್ತದೆ, ನಿಯಮ ಬದಲಾಗುವುದಿಲ್ಲ. ಇದರಿಂದ ಇನ್ನೊಂದು ಮಾತೂ ಹೊಳೆಯುತ್ತದೆ: ಎರಡು ಅರ್ಧಾಯುಗಳಾದರೆ ಎಲ್ಲವೂ ಮುಗಿಯಿತೆಂದಲ್ಲ, ಕಾಲು ಭಾಗ ಇನ್ನೂ ಉಳಿದಿರುತ್ತದೆ.

ಅರ್ಧಾಯುಗಳ ಅಂತರ ಅಪಾರವಾದುದು. ಥೈರಾಯಿಡ್ ಗ್ರಂಥಿಯ ಚಿಕಿತ್ಸೆಗೆ ಬಳಸುವ ಅಯೊಡಿನ್-131ಕ್ಕೆ 8 ದಿನ. ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ಕೋಬಾಲ್ಟ್-60ಕ್ಕೆ ಸುಮಾರು 5.3 ವರ್ಷ, ಕಾರ್ಬನ್-14ಕ್ಕೆ 5730 ವರ್ಷ. ಜೀವಿಯು ಬದುಕಿರುವವರೆಗೆ ಗಾಳಿ ಮತ್ತು ಆಹಾರದಿಂದ ಕಾರ್ಬನ್-14ನ್ನು ಪಡೆಯುತ್ತಲೇ ಇರುತ್ತದೆ; ಸತ್ತ ಮೇಲೆ ಆ ಗಡಿಯಾರ ಇಳಿಯಲಾರಂಭಿಸುತ್ತದೆ. ಇದ್ದಿಲಿನಲ್ಲಿ ಕಾಲು ಭಾಗ ಮಾತ್ರ ಉಳಿದಿದ್ದರೆ ಆ ಮರ ಸತ್ತು ಸುಮಾರು 11,460 ವರ್ಷಗಳಾದವೆಂದು ಲೆಕ್ಕ. ಗಾಳಿಯಲ್ಲಿಯ ಕಾರ್ಬನ್-14ರ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಸಮನಾಗಿರಲಿಲ್ಲವಾದ್ದರಿಂದ, ಮರದ ವಾರ್ಷಿಕ ಬಳೆಗಳನ್ನು ಎಣಿಸಿ ಈ ಲೆಕ್ಕವನ್ನು ತಿದ್ದಿಕೊಳ್ಳುತ್ತಾರೆ. ಸುಮಾರು 50,000 ವರ್ಷಗಳಾಚೆಗೆ ಉಳಿಯುವುದು ಅತ್ಯಲ್ಪವಾದ್ದರಿಂದ ಈ ಕ್ರಮ ನಡೆಯದು. ಗೋಳಗುಮ್ಮಟದ ಕಲ್ಲಿಗೂ ಇದು ನಡೆಯದು. ಕಲ್ಲು ಎಂದೂ ಉಸಿರಾಡಿದ್ದಲ್ಲ.

ಇನ್ನೊಂದು ಉದಾಹರಣೆ ತಿಕೋಟಾದ ದ್ರಾಕ್ಷಿ ತೋಟಗಳಲ್ಲಿಯೇ ಇದೆ. ಒಣದ್ರಾಕ್ಷಿಯಲ್ಲಿ ಪೊಟಾಸಿಯಂ ಹೇರಳ. ನಿಸರ್ಗದ ಪೊಟಾಸಿಯಮ್ಮಿನ ಹತ್ತು ಸಾವಿರ ಪರಮಾಣುಗಳಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಪೊಟಾಸಿಯಂ-40 ಇದ್ದು, ಅದು ವಿಕಿರಣಶೀಲವಾದುದು. ಅದರ ಅರ್ಧಾಯು 125 ಕೋಟಿ ವರ್ಷ. ಒಂದು ಗ್ರಾಂ ಪೊಟಾಸಿಯಮ್ಮಿನಲ್ಲಿ ಸೆಕೆಂಡಿಗೆ ಸುಮಾರು 31 ಬೀಜಗಳು ಒಡೆಯುತ್ತವೆ. ನೂರು ಗ್ರಾಂ ಒಣದ್ರಾಕ್ಷಿಯಲ್ಲಿ ಸುಮಾರು ಮುಕ್ಕಾಲು ಗ್ರಾಂ ಪೊಟಾಸಿಯಂ ಇರುವುದರಿಂದ ಸೆಕೆಂಡಿಗೆ 23ರಷ್ಟು ಒಡೆತ. ಇದನ್ನು ಕೇಳಿ ಯಾರೂ ದ್ರಾಕ್ಷಿ ತಿನ್ನುವುದನ್ನು ಬಿಡಬೇಕಾಗಿಲ್ಲ. ನಮ್ಮ ಮೈಯಲ್ಲಿರುವ ಪೊಟಾಸಿಯಮ್ಮಿನಲ್ಲಿಯೇ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಬೀಜಗಳು ಒಡೆಯುತ್ತಿರುತ್ತವೆ. ಮನುಷ್ಯ ಹುಟ್ಟಿದ್ದೇ ವಿಕಿರಣದ ನಡುವೆ.

ಸೆಕೆಂಡಿಗೆ ಒಂದು ಒಡೆತಕ್ಕೆ ಒಂದು ಬೆಕೆರೆಲ್ ಎನ್ನುತ್ತಾರೆ. ಮೈಗೆ ತಟ್ಟುವ ಪರಿಣಾಮವನ್ನು ಅಳೆಯುವ ಮಾನ ಬೇರೆ, ಅದು ಸೀವರ್ಟ್. ಪ್ರಪಂಚದ ಸರಾಸರಿಯಲ್ಲಿ ಒಬ್ಬ ಮನುಷ್ಯನಿಗೆ ನಿಸರ್ಗದಿಂದಲೇ ವರ್ಷಕ್ಕೆ 2.4 ಮಿಲಿಸೀವರ್ಟಿನಷ್ಟು ಬರುತ್ತದೆ. ನಮ್ಮ ದೇಶದಲ್ಲಿ ಪರಮಾಣು ಸ್ಥಾವರಗಳಿಂದ ಸಾರ್ವಜನಿಕರಿಗೆ ಇದರ ಮೇಲೆ ವರ್ಷಕ್ಕೆ 1 ಮಿಲಿಸೀವರ್ಟಿಗಿಂತ ಹೆಚ್ಚು ತಟ್ಟಬಾರದೆಂಬ ಮಿತಿಯಿದೆ. ಬೆಕೆರೆಲ್ಲಿನ ದೊಡ್ಡ ಅಂಕಿ ತೋರಿಸಿ ಹೆದರಿಸುವವರಿಂದಲೂ, ಸೀವರ್ಟಿನ ಮಾತೇ ಎತ್ತದೆ ಸಮಾಧಾನ ಹೇಳುವವರಿಂದಲೂ ಪಾರಾಗಲು ಈ ಎರಡು ಮಾನಗಳ ಭೇದ ತಿಳಿದಿದ್ದರೆ ಸಾಕು.

ನಾಲ್ಕು: ಎರಡು ಒಲೆಗಳು

1938ರ ಡಿಸೆಂಬರಿನಲ್ಲಿ ಜರ್ಮನಿಯ ಹಾನ್ ಮತ್ತು ಸ್ಟ್ರಾಸ್‌ಮನ್ನರು ಯುರೇನಿಯಮ್ಮಿಗೆ ನ್ಯೂಟ್ರಾನು ತಾಕಿಸಿದಾಗ ಬೇರಿಯಂ ದೊರೆತುದನ್ನು ಕಂಡು ಬೆರಗಾದರು. ಬೀಜವೇ ಒಡೆದು ಎರಡು ಹೋಳಾಗಿದೆಯೆಂದು ಅದರ ಅರ್ಥವನ್ನು ಬಿಡಿಸಿದವರು ಲೀಸಾ ಮೈಟ್ನರ್ ಎಂಬ ವಿದುಷಿ ಮತ್ತು ಅವರ ಸೋದರಳಿಯ ಫ್ರಿಶ್. ಒಡೆಯುವಾಗ ಎರಡು ಮೂರು ನ್ಯೂಟ್ರಾನುಗಳು ಹೊರಬರುತ್ತವೆ; ಅವು ಮತ್ತೆ ಬೇರೆ ಬೀಜಗಳನ್ನು ಒಡೆಯಬಲ್ಲವು. ಸರಾಸರಿಯಲ್ಲಿ ಒಂದು ಒಡೆತದಿಂದ ಒಂದೇ ಒಡೆತವಾಗುವಂತೆ ಹಿಡಿದಿಟ್ಟರೆ ಅದು ಸ್ಥಾವರ; ಹಿಡಿತವಿಲ್ಲದೆ ಹೆಚ್ಚಲು ಬಿಟ್ಟರೆ ಅದು ಬಾಂಬು.

ಒಂದು ಕಿಲೋ ಯುರೇನಿಯಂ-235 ಪೂರ್ತಿಯಾಗಿ ಒಡೆದರೆ ನಮ್ಮ ದೇಶದ ಸಾಧಾರಣ ಕಲ್ಲಿದ್ದಲಿನ ಸುಮಾರು ಐದು ಸಾವಿರ ಟನ್ನಿನಷ್ಟು ಶಾಖ ಬರುತ್ತದೆ. ಈ ಅಂಕಿಯನ್ನು ಭಾಷಣಗಳಲ್ಲಿ ಕೇಳಿದ್ದೇವೆ. ಆದರೆ ನೆಲದಿಂದ ತೆಗೆದ ಯುರೇನಿಯಮ್ಮಿನಲ್ಲಿ ಈ 235 ಇರುವುದು ನೂರಕ್ಕೆ 0.7 ಮಾತ್ರ. ಕೈಗಾದಲ್ಲಿ ಬಳಸುವುದು ಇಂತಹ ಸ್ವಾಭಾವಿಕ ಯುರೇನಿಯಮ್ಮನ್ನೇ; ನ್ಯೂಟ್ರಾನುಗಳ ವೇಗವನ್ನು ಕುಗ್ಗಿಸಲು ಭಾರಜಲವನ್ನು ಬಳಸುತ್ತಾರೆ. ಅಲ್ಲಿ ಒಂದು ಕಿಲೋ ಇಂಧನದಿಂದ ವಾಸ್ತವವಾಗಿ ಸಿಕ್ಕುವುದು ಮೂವತ್ತು ನಲವತ್ತು ಟನ್ ಕಲ್ಲಿದ್ದಲಿನ ಶಾಖ. ಐದು ಸಾವಿರದ ಮುಂದೆ ಇದು ಚಿಕ್ಕದಾಗಿ ಕಂಡರೂ ಲೋಕವ್ಯವಹಾರದಲ್ಲಿ ಬಹಳ ದೊಡ್ಡದು. ಕೈಗಾದ ಒಂದನೆಯ ಘಟಕವು 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಜಾಗತಿಕ ದಾಖಲೆ ಸ್ಥಾಪಿಸಿತು.

ಕೂಡಗಿಯಲ್ಲಾಗಲಿ ಕೈಗಾದಲ್ಲಾಗಲಿ ಮುಂದಿನ ಕೆಲಸ ಒಂದೇ: ನೀರು ಕಾಯಿಸಿ ಉಗಿ ಮಾಡಿ ಚಕ್ರ ತಿರುಗಿಸುವುದು. ಭೇದವಿರುವುದು ಒಲೆಯಲ್ಲಿ. ಕಲ್ಲಿದ್ದಲಿನ ಒಲೆ ಬೂದಿಯನ್ನೂ ಹೊಗೆಯನ್ನೂ ಬಿಡುತ್ತದೆ. ಬೈಜಿಕ ಒಲೆ ಹೊಗೆ ಬಿಡದು. ಆದರೆ ದೀರ್ಘಕಾಲ ಕಾಯಬೇಕಾದ ವಿಕಿರಣಶೀಲ ತ್ಯಾಜ್ಯವನ್ನು ಬಿಡುತ್ತದೆ. ಇನ್ನೊಂದು ಮುಖ್ಯ ಭೇದವೆಂದರೆ, ಬೈಜಿಕ ಒಲೆಯನ್ನು ಆರಿಸಿದೊಡನೆ ಅದು ತಣ್ಣಗಾಗುವುದಿಲ್ಲ. ಒಡೆದ ಹೋಳುಗಳು ತಾವೂ ವಿಕಿರಣಶೀಲವಾದ್ದರಿಂದ, ನಿಲ್ಲಿಸಿದ ಗಳಿಗೆಯಲ್ಲಿ ಮೊದಲಿನ ಶಾಖದ ನೂರಕ್ಕೆ ಆರೇಳು ಪಾಲು ಬರುತ್ತಲೇ ಇರುತ್ತದೆ. ಅದು ಇಳಿಯುತ್ತಾ ಹೋದರೂ ನೀರು ಹರಿಸುವುದು ನಿಲ್ಲಬಾರದು. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಆದ ಅನಾಹುತಕ್ಕೆ ಇದೇ ಮೂಲ. ಒಲೆಗಳು ನಿಂತಿದ್ದವು, ಸುನಾಮಿಯಿಂದ ತಂಪುಗೊಳಿಸುವ ವ್ಯವಸ್ಥೆ ಕೆಟ್ಟಿತು. ಅಹವಾಲು ಸಭೆಯಲ್ಲಿ ಕೇಳತಕ್ಕ ಒಳ್ಳೆಯ ಪ್ರಶ್ನೆ ಯಾವುದೆಂಬುದು ಇದರಿಂದ ತಾನೇ ತಿಳಿಯುತ್ತದೆ: “ವಿದ್ಯುತ್ತು ಹೋದಾಗ ನೀರು ಹರಿಯುವ ಏರ್ಪಾಡು ಏನು? ಅದು ಎಷ್ಟು ದಿನ ನಡೆದೀತು?”

ಕೇಳುವ ಕ್ರಮ

ಇಷ್ಟು ಸಾಮಗ್ರಿಯೊಂದಿಗೆ ಉಪನ್ಯಾಸಗಳತ್ತ ಹೋಗಬಹುದು. ಆದರೆ ಸಿನಿಮಾ ನೋಡಿದಂತೆ ನೋಡಿದರೆ ಫಲವಿಲ್ಲ. ಪಾಠ ನಡೆಯುತ್ತಿರುವಾಗ ಎಲ್ಲವೂ ತಿಳಿದಂತೆಯೇ ಇರುತ್ತದೆ. ಮೊಬೈಲು ಮುಚ್ಚಿದ ಮೇಲೆ ಒಂದು ಸಾಲೂ ನೆನಪಿಗೆ ಬರುವುದಿಲ್ಲ. ಆದುದರಿಂದ ಒಂದು ಗಂಟೆಯ ಪಾಠಕ್ಕೆ ಮೂರು ಗಂಟೆಗಳನ್ನು ಮೀಸಲಿಡುವುದು ಒಳ್ಳೆಯದು. ಮೊದಲನೆಯ ಸಲ ಸುಮ್ಮನೆ ಕೇಳಬೇಕು. ಎರಡನೆಯ ಸಲ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಕೇಳಿದ್ದನ್ನು ಕನ್ನಡದಲ್ಲಿ ಬರೆಯಬೇಕು. ಕನ್ನಡದಲ್ಲಿ ಬರೆಯಲಾಗದ ಮಾತು ನಮಗೆ ತಿಳಿದಿಲ್ಲವೆಂದೇ ಅರ್ಥ. ಪಾರಿಭಾಷಿಕ ಪದಕ್ಕೆ ಕನ್ನಡ ಸಿಕ್ಕದಿದ್ದರೆ ಪ್ರೋಟಾನು, ನ್ಯೂಟ್ರಾನುಗಳಂತೆ ಅದನ್ನು ಹಾಗೆಯೇ ಇಟ್ಟುಕೊಂಡರೆ ದೋಷವಿಲ್ಲ. ಭಾವ ಮಾತ್ರ ನಮ್ಮ ಮಾತಿನಲ್ಲಿರಬೇಕು. ಮೂರನೆಯದಾಗಿ, ಪಾಠದಲ್ಲಿಯ ಒಂದು ಲೆಕ್ಕವನ್ನಾದರೂ ಸ್ವಂತ ಕೈಯಿಂದ ಮಾಡಬೇಕು. ಇದಕ್ಕೆ ಹತ್ತರ ಘಾತಗಳನ್ನು ಗುಣಿಸಲು ಭಾಗಿಸಲು ಬಂದರೆ ಮೊದಲಿಗೆ ಸಾಕು. ಲಾಗರಿದಮ್ಮನ್ನು ಆಮೇಲೆ ಕಲಿಯಬಹುದು.

ಎನ್‌ಪಿಟಿಇಎಲ್‌ನ ಪಾಠಗಳಿಗೆ ಬರೆದ ಪ್ರತಿಗಳೂ ದೊರೆಯುತ್ತವೆ. ಕೆಲವು ಪಾಠಕ್ರಮಗಳಿಗೆ ಕನ್ನಡದ ಪ್ರತಿಗಳೂ ಇವೆ. ಹಳ್ಳಿಯಲ್ಲಿ ನೆಟ್‌ವರ್ಕು ಸರಿಯಾಗಿ ಸಿಕ್ಕದವರು ನಗರದಲ್ಲಿದ್ದಾಗಲೇ ಪಾಠವನ್ನು ಇಳಿಸಿಕೊಂಡು ಹೋದರೆ ಬಸ್ಸಿನ ಪ್ರಯಾಣವೂ ಸಾರ್ಥಕವಾಗುತ್ತದೆ. ಅಂತರಜಾಲದಲ್ಲಿ ಕಾಳಿನೊಂದಿಗೆ ಜೊಳ್ಳೂ ಉಂಟು. ಹೇಳುವವರು ಯಾರು, ಯಾವ ಸಂಸ್ಥೆಯವರು, ಅಂಕಿಗಳಿಗೆ ಮಾನ ಹೇಳುತ್ತಾರೆಯೆ ಇಲ್ಲವೆ ಎಂಬ ಮೂರನ್ನು ನೋಡಿ ತೂರಿಕೊಳ್ಳಬೇಕು.

ಉಪನ್ಯಾಸವು ಕೊಡಲಾರದ ವಸ್ತು ಒಂದಿದೆ. ನಮ್ಮ ಮುಖ ನೋಡಿ ‘ಇವನಿಗೆ ತಿಳಿಯಲಿಲ್ಲ’ ಎಂದು ಅದು ಅರಿಯಲಾರದು. ಕೈ ಎತ್ತಿದರೆ ನಿಲ್ಲದು. ಆ ಕೊರತೆಯನ್ನು ನಾವೇ ತುಂಬಿಕೊಳ್ಳಬೇಕು. ನಾಲ್ಕೈದು ಜನ ಕೂಡಿ ವಾರಕ್ಕೊಂದು ಸಂಜೆ ಒಂದು ಪಾಠವನ್ನು ನೋಡಿ, ಒಬ್ಬರು ಮಿಕ್ಕವರಿಗೆ ಅದನ್ನು ಕರಿಹಲಗೆಯ ಮೇಲೆ ಬಿಡಿಸಿ ಹೇಳುವ ಅಭ್ಯಾಸ ಕೂಟವೊಂದು ನಮ್ಮ ಕಾಲೇಜಿನಲ್ಲಿ ಏರ್ಪಡಲೆಂದು ನನ್ನ ಸೂಚನೆ. ಬಿಡಿಸಲಾಗದೆ ಉಳಿದ ಪ್ರಶ್ನೆಗಳನ್ನು ಒಂದು ವಹಿಯಲ್ಲಿ ಬರೆದಿಟ್ಟು, ತಿಂಗಳಿಗೊಮ್ಮೆ ಊರಿನ ವಿಜ್ಞಾನ ಅಧ್ಯಾಪಕರೊಬ್ಬರನ್ನು ಕರೆದು ಕೇಳಬಹುದು. ಗುರುಗಳು ಇದಕ್ಕೊಂದು ಕೊಠಡಿಯನ್ನೂ ಕರಿಹಲಗೆಯನ್ನೂ ಒದಗಿಸಿದರೆ ಸಾಕು. ಹುಣಸೆ ಬೀಜಗಳನ್ನು ನಾವು ತರುತ್ತೇವೆ.